ಹಾಡಿದ್ರೆ ಕೆಲಸ ಹೋಗತ್ತೆ ಅಂದ ಮಿಲ್ಲು, ಮತ್ತು ವಿನಿಫ್ರೆಡ್ ಕಾರ್ನಿ

2024ರ ಮಾರ್ಚ್ 8, ಮಹಿಳಾ ದಿನ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನ ಸಿಟಿ ಹಾಲ್ ಅಂಗಳದಲ್ಲಿ ಅವತ್ತು ಇಬ್ರು ಹೆಂಗಸರ ಕಂಚಿನ ಪ್ರತಿಮೆ ಅನಾವರಣ ಆಯ್ತು. ಒಂದು ಮೇರಿ ಆನ್ ಮೆಕ್ರ್ಯಾಕನ್ ಅವ್ರದ್ದು, ಗುಲಾಮಗಿರಿ ವಿರುದ್ಧ ಜೀವನಪೂರ್ತಿ ಹೋರಾಡಿ, ಎಂಬತ್ತೆಂಟರ ವಯಸ್ಸಲ್ಲೂ ಬಂದರಿಗೆ ಹೋಗಿ ಅಮೆರಿಕದ ಹಡಗು ಹತ್ತೋವ್ರ ಕೈಗೆ ಕರಪತ್ರ ಕೊಡ್ತಿದ್ದ ಅಜ್ಜಿ. ಇನ್ನೊಂದು ವಿನಿಫ್ರೆಡ್ ಕಾರ್ನಿ ಅವ್ರದ್ದು, ಈ ಬರಹ ಅವ್ರ ಬಗ್ಗೆ.

ಆ ಅಂಗಳದಲ್ಲಿ ಯಾರ್ಯಾರು ನಿಂತಿದ್ದಾರೆ ಅಂತ ನೋಡಿದ್ರೆ ಇದು ಯಾಕೆ ಸಣ್ಣ ವಿಷ್ಯ ಅಲ್ಲ ಅಂತ ಗೊತ್ತಾಗತ್ತೆ. ಹಡಗು ಕಟ್ಟೋ ಕಂಪನಿ ಮಾಡಿದ ಎಡ್ವರ್ಡ್ ಹಾರ್ಲಂಡ್ ಇದ್ದಾರೆ, ಹಳೇ ಮೇಯರ್‌ಗಳು ಇದ್ದಾರೆ, 1884ರಿಂದ 1888ರವರೆಗೆ ನಮ್ಮ ದೇಶದ ವೈಸರಾಯ್ ಆಗಿದ್ದ ಲಾರ್ಡ್ ಡಫರಿನ್ ಇದ್ದಾರೆ, ಡಫರಿನ್ ಸ್ಮಾರಕದಲ್ಲಿ ಒಂದು ಪಕ್ಕಕ್ಕೆ ಭಾರತದ ಯೋಧ ಅಂತ ಒಂದು ಶಿಲ್ಪ ಕೂರಿಸಿದ್ದಾರೆ, ಇನ್ನೊಂದು ಪಕ್ಕಕ್ಕೆ ಕೆನಡಾದ್ದು. ನಿಜವಾಗ್ಲೂ ಬದುಕಿದ್ದ ಹೆಂಗಸು ಅಂತ ಅಲ್ಲಿ ಇದ್ದಿದ್ದು ವಿಕ್ಟೋರಿಯಾ ರಾಣಿ ಮಾತ್ರ. ಈ ಊರನ್ನ ಶ್ರೀಮಂತ ಮಾಡಿದ್ದು ಹಡಗು ಮತ್ತು ಲಿನನ್ ಬಟ್ಟೆ, ಲಿನನ್ ನೂತು ನೇಯ್ದವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು, ಅವ್ರಲ್ಲಿ ಒಬ್ರ ಮುಖನೂ ನೂರು ವರ್ಷ ಆ ಅಂಗಳದಲ್ಲಿ ಇರ್ಲಿಲ್ಲ. ಕಾರ್ನಿ ಮಿಲ್ಲಲ್ಲಿ ನೂಲು ತೆಗೆದವರಲ್ಲ, ಆದ್ರೆ ನೂಲು ತೆಗೆಯೋ ಹುಡುಗೀರ ಯೂನಿಯನ್ ನಡೆಸಿದವ್ರು.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಕಾರ್ನಿ ಬಗ್ಗೆ ಯಾರೇ ಬರೆದ್ರೂ ಒಂದೇ ಚಿತ್ರದಿಂದ ಶುರು ಮಾಡ್ತಾರೆ, 1916ರ ಈಸ್ಟರ್ ಸೋಮವಾರ ಡಬ್ಲಿನ್‌ನ ದೊಡ್ಡ ಪೋಸ್ಟ್ ಆಫೀಸಿಗೆ ಬ್ರಿಟಿಷ್ ಆಳ್ವಿಕೆ ವಿರುದ್ಧ ಎದ್ದ ಬಂಡಾಯಗಾರರ ಜೊತೆ ಒಂದು ಕೈಯಲ್ಲಿ ಟೈಪ್‌ರೈಟರ್, ಇನ್ನೊಂದರಲ್ಲಿ ವೆಬ್ಲಿ ರಿವಾಲ್ವರ್ ಹಿಡ್ಕೊಂಡು ಒಳಗೆ ಹೋದ ಹೆಂಗಸು ಅಂತ. ಚಿತ್ರ ಚೆನ್ನಾಗಿದೆ, ಮನಸ್ಸಲ್ಲಿ ಉಳಿಯತ್ತೆ, ಆದ್ರೆ ಅದು ಒಂದೇ ವಾರದ ಕಥೆ. ಅವ್ರು ಯೂನಿಯನ್ ಕೆಲಸ ಮಾಡಿದ್ದು 1912ರಿಂದ 1928ರವರೆಗೆ, ಮಧ್ಯದ ಜೈಲು ದಿನ ಬಿಟ್ಟು ಸುಮಾರು ಹದಿನಾರು ವರ್ಷ. ಆ ಹದಿನಾರು ವರ್ಷನ ಯಾರೂ ಚಿತ್ರ ಬರೆಯಲ್ಲ, ಯಾಕಂದ್ರೆ ಅದು ಚಂದಾ ಪುಸ್ತಕ, ಇನ್ಶೂರೆನ್ಸ್ ಕಾರ್ಡು, ಗೇಟ್ ಮುಂದೆ ನಿಂತು ಮಾತಾಡೋದು, ಬಂದವ್ರ ದೂರು ಬರ್ಕೊಳ್ಳೋದು. ಆದ್ರೆ ಇವತ್ತಿನ ಐರ್ಲೆಂಡಲ್ಲಿ, ಉತ್ತರದಲ್ಲೂ ದಕ್ಷಿಣದಲ್ಲೂ, ಇನ್ನೂ ಇತ್ಯರ್ಥ ಆಗದೇ ಇರೋದು ಆ ಕೆಲಸನೇ. ಕೆಲಸ ಮಾಡೋವ್ರು ಒಟ್ಟಾಗಿ ಬಂದ್ರೆ ಮಾಲೀಕ ಕೂತು ಮಾತಾಡ್ಲೇಬೇಕಾ ಬೇಡ್ವಾ ಅನ್ನೋ ಪ್ರಶ್ನೆ.

ಮೊದ್ಲು ಮಿಲ್ಲು ಹೇಗಿತ್ತು ಅಂತ ಹೇಳ್ಬೇಕು, ಅದು ಗೊತ್ತಾಗ್ದೆ ಉಳಿದಿದ್ದು ಅರ್ಥ ಆಗಲ್ಲ. ನಾವು ಅಗಸೆ ಬೀಜದ ಚಟ್ನಿಪುಡಿ ಮಾಡ್ತೀವಲ್ಲ, ಅದೇ ಅಗಸೆ ಗಿಡದ ಕಾಂಡದ ನಾರಿನಿಂದ ಲಿನನ್ ಆಗೋದು. ಆ ನಾರು ಒಣಗಿದ್ದಾಗ ನೂತ್ರೆ ನುಣ್ಣಗೆ ಬರಲ್ಲ, ತುಂಡಾಗತ್ತೆ, ಅದಕ್ಕೆ ಸಣ್ಣ ನೂಲು ಬೇಕು ಅಂದ್ರೆ ಬಿಸಿನೀರಿನ ತೊಟ್ಟಿಯಲ್ಲಿ ಹಾಯಿಸಿ ಒದ್ದೆ ಮಾಡಿ ನೂಲ್ಬೇಕು. ತಿರುಗೋ ಸ್ಪಿಂಡಲ್‌ಗಳಿಂದ ಆ ನೀರು ಇಡೀ ದಿನ ಎದುರು ನಿಂತಿರೋ ಹುಡುಗೀರ ಎದೆ ಹೊಟ್ಟೆ ಮೇಲೆ ಸಿಡೀತಾ ಇರತ್ತೆ. ರೂಮಿನ ತುಂಬ ಹಬೆ, ನೆಲದ ಮೇಲೆ ನೀರು, ಅದಕ್ಕೆ ಬರಿಗಾಲಲ್ಲೇ ಕೆಲಸ. ಸಂಜೆ ಆ ಕಾವಿನಿಂದ ಒದ್ದೆ ಬಟ್ಟೆಯಲ್ಲೇ ಮೇಲೆ ಒಂದು ಶಾಲು ಹೊದ್ದು ಬೆಲ್‌ಫಾಸ್ಟ್ ಚಳಿಗೆ ಹೊರಡೋದು. ನಾರು ಬಿಡಿಸಿ ಬಾಚೋ ರೂಮುಗಳಲ್ಲಿ ಇದ್ರ ಉಲ್ಟಾ, ಅಲ್ಲಿ ಒಣ ಧೂಳು, ಉಸಿರಿನ ಜೊತೆ ಒಳಗೆ ಹೋಗಿ ಎದೆ ಕಟ್ಟೋದು, ಆ ಧೂಳಿಗೆ ಅಲ್ಲಿನವ್ರು ಪೌಸ್ ಅಂತಿದ್ರು. ತುಂಬಿದ ಬಾಬಿನ್ ತೆಗೆದು ಖಾಲಿ ಬಾಬಿನ್ ಹಾಕೋ ಚಿಕ್ಕ ಹುಡುಗೀರಿಗೆ ಡಾಫರ್ ಅಂತ ಹೆಸರು. ಹನ್ನೆರಡು ವರ್ಷ ಆದ ಮಕ್ಕಳನ್ನ ಹಾಫ್ ಟೈಮರ್ ಅಂತ ತಗೊಳ್ತಿದ್ರು, ಅರ್ಧ ಹೊತ್ತು ಮಿಲ್ಲು, ಅರ್ಧ ಹೊತ್ತು ಸ್ಕೂಲು. ಸ್ಕೂಲಲ್ಲಿ ಆ ಮಕ್ಕಳು ಏನು ಕಲೀತಿದ್ರು ಅಂತ ಕೇಳೋದೇ ಬೇಡ, ನಿದ್ದೆ ಮಾಡ್ತಿದ್ರು ಅಷ್ಟೆ.

ಇಂಥ ಜಾಗದಲ್ಲಿ ಹೊತ್ತು ಹೋಗೋಕೆ ಇದ್ದ ಒಂದೇ ದಾರಿ ಹಾಡು. ಮಷಿನ್ ಸದ್ದಿಗೆ ಮಾತು ಕೇಳಿಸಲ್ಲ, ಆದ್ರೆ ಎಲ್ರೂ ಸೇರಿ ಹಾಡಿದ್ರೆ ಕೇಳಿಸತ್ತೆ. 1911ರ ಅಕ್ಟೋಬರ್‌ನಲ್ಲಿ ಮಿಲ್ ಮಾಲೀಕರು ಹೊಸ ರೂಲ್ಸ್ ಅಂಟಿಸಿದ್ರು: ಕೆಲಸದ ಹೊತ್ತಲ್ಲಿ ಹಾಡಬಾರ್ದು, ನಗಬಾರ್ದು, ಮಾತಾಡಬಾರ್ದು, ತಲೆಕೂದಲು ಸರಿ ಮಾಡ್ಕೋಬಾರ್ದು, ಮಾಡಿದ್ರೆ ದಂಡ, ಇಲ್ಲಾ ಕೆಲಸದಿಂದ ತೆಗೀತೀವಿ. ನೂಲೋ ಹುಡುಗೀರು ಹೊರಗೆ ಬಂದ್ಬಿಟ್ರು. ಅವ್ರ ಕೈಯಲ್ಲಿ ದುಡ್ಡಿಲ್ಲ, ಹಿಂದೆ ಗಟ್ಟಿ ಯೂನಿಯನ್ ಇಲ್ಲ, ಅಲ್ಲಿ ಆಗಲೇ ಇದ್ದ ಮೇರಿ ಗಾಲ್ವೇ ಅವ್ರ ಹೆಂಗಸರ ಸಂಘದಲ್ಲಿ ಹೆಚ್ಚಾಗಿ ಇದ್ದಿದ್ದು ಸ್ವಲ್ಪ ಒಳ್ಳೇ ಕೂಲಿ ಬರ್ತಿದ್ದ ಕಸುಬುದಾರ ಹೆಂಗಸರು. ಹುಡುಗೀರು ಹೋಗಿದ್ದು ಬಂದರಿನ ಹಮಾಲರ ಯೂನಿಯನ್ ನೋಡ್ಕೊಳ್ತಿದ್ದ ಜೇಮ್ಸ್ ಕಾನಲಿ ಹತ್ರ.

ಸ್ಟ್ರೈಕ್ ನಿಲ್ಲಲ್ಲ, ಹಸಿವು ತಡೆಯೋಕಾಗಲ್ಲ ಅಂತ ಗೊತ್ತಾದಾಗ ಕಾನಲಿ ಕೊಟ್ಟ ಸಲಹೆ ನನಗೆ ಇಡೀ ಕಾರ್ಮಿಕ ಇತಿಹಾಸದಲ್ಲೇ ತುಂಬ ಇಷ್ಟ. ವಾಪಸ್ ಹೋಗಿ, ಆದ್ರೆ ಒಬ್ಬೊಬ್ರೇ ಹೋಗ್ಬೇಡಿ, ಒಟ್ಟಿಗೆ ಹಾಡ್ತಾ ಒಳಗೆ ಹೋಗಿ. ಒಬ್ಬಳು ಹಾಡಿದ್ದಕ್ಕೆ ಮೇಸ್ತ್ರಿ ಬೈದ್ರೆ ಎಲ್ರೂ ಹಾಡಕ್ಕೆ ಶುರು ಮಾಡಿ. ಒಬ್ಬಳು ನಕ್ಕಿದ್ದಕ್ಕೆ ಬೈದ್ರೆ ಎಲ್ರೂ ನಗಿ. ಒಬ್ಬಳನ್ನ ಕೆಲಸದಿಂದ ತೆಗೆದ್ರೆ ಎಲ್ರೂ ಶಾಲು ಹೊದ್ಕೊಂಡು ಎದ್ದು ಬನ್ನಿ. ಕೇಳಿದ ಬೇಡಿಕೆ ಒಂದೂ ಸಿಗ್ಲಿಲ್ಲ, ಸ್ಟ್ರೈಕ್ ಸೋತಿತ್ತು, ಆದ್ರೆ ಆ ರೂಲ್ಸ್ ಜಾರಿ ಮಾಡೋಕೆ ಮಾಲೀಕರಿಗೆ ಆಗ್ಲಿಲ್ಲ, ಯಾಕಂದ್ರೆ ನೂರಾರು ಜನ ಒಟ್ಟಿಗೆ ಹಾಡಿದ್ರೆ ಯಾರಿಗೆ ಅಂತ ದಂಡ ಹಾಕ್ತೀರಿ. ಇದಾದ ಮೇಲೆ ಐರಿಶ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಅಂತ ಹೆಂಗಸರಿಗೇ ಒಂದು ಸಂಘಟನೆ ಗಟ್ಟಿಯಾಗಿ ನಿಂತಿತು.

ಕಾರ್ನಿ ಬರೋದು ಇಲ್ಲಿಂದ. ಹುಟ್ಟಿದ್ದು 1887ರ ಡಿಸೆಂಬರ್ 4, ಕೌಂಟಿ ಡೌನ್‌ನ ಬ್ಯಾಂಗೋರ್‌ನಲ್ಲಿ (ಇದು ಊರಿನ ಹೆಸರು, ನಮ್ಮ ಬೆಂಗಳೂರಲ್ಲ). ಅಪ್ಪ ಪ್ರಾಟೆಸ್ಟೆಂಟ್, ಅಮ್ಮ ಕ್ಯಾಥೊಲಿಕ್, ಅಪ್ಪ ಅಮ್ಮ ಬೇರೆ ಆದ್ಮೇಲೆ ಅಮ್ಮ ಬೆಲ್‌ಫಾಸ್ಟ್‌ನ ಫಾಲ್ಸ್ ರೋಡಲ್ಲಿ ಒಂದು ಮಿಠಾಯಿ ಅಂಗಡಿ ಇಟ್ಕೊಂಡು ಮಕ್ಕಳನ್ನ ಸಾಕಿದ್ರು. ಕಾರ್ನಿ ಕ್ರಿಶ್ಚಿಯನ್ ಬ್ರದರ್ಸ್ ಸ್ಕೂಲಲ್ಲಿ ಓದಿ, ಅಲ್ಲೇ ಸ್ವಲ್ಪ ದಿನ ಪಾಠ ಹೇಳಿ, ಆಮೇಲೆ ಶಾರ್ಟ್‌ಹ್ಯಾಂಡು ಟೈಪಿಂಗು ಕಲಿತ್ರು. ಆ ಕಾಲಕ್ಕೆ ಟೈಪಿಂಗ್ ಗೊತ್ತಿರೋ ಹುಡುಗಿ ಅಂದ್ರೆ ಮಿಲ್ಲಿಂದ ಒಂದು ಮೆಟ್ಟಿಲು ಮೇಲೆ, ಆಫೀಸಲ್ಲಿ ಕುರ್ಚಿ, ಒಣಗಿದ ಬಟ್ಟೆ. 1912ರಲ್ಲಿ ಯೂನಿಯನ್ ಸೆಕ್ರೆಟರಿ ಆಗಿದ್ದ ಗೆಳತಿ ಮೇರಿ ಜಾನ್ಸನ್‌ಗೆ ಹುಷಾರಿಲ್ಲದೆ ಆ ಜಾಗ ಖಾಲಿ ಆಯ್ತು, ಕಾರ್ನಿ ಆ ಕುರ್ಚಿ ಬಿಟ್ಟು ಈ ಕೆಲಸಕ್ಕೆ ಬಂದ್ರು, ಸಂಬಳ ಸಿಕ್ಕಿದ್ರೆ ಸಿಕ್ತು ಇಲ್ಲಾಂದ್ರೆ ಇಲ್ಲ ಅನ್ನೋಂಥ ಕಡೆಗೆ. ಇದು ಅವ್ರ ಜೀವನದ ದೊಡ್ಡ ನಿರ್ಧಾರ ಅಂತ ನನಗನ್ಸತ್ತೆ, ಪೋಸ್ಟ್ ಆಫೀಸಿಗೆ ಹೋಗಿದ್ದಕ್ಕಿಂತ ದೊಡ್ಡದು.

ಆ ಕೆಲಸ ದಿನದಿನಕ್ಕೆ ಹೇಗಿತ್ತು ನೋಡಿ. 1911ರಲ್ಲಿ ಬ್ರಿಟನ್ ಸರ್ಕಾರ ನ್ಯಾಷನಲ್ ಇನ್ಶೂರೆನ್ಸ್ ಕಾನೂನು ತಂತು, ಕೆಲಸ ಮಾಡೋವ್ರು ವಾರವಾರ ದುಡ್ಡು ಕಟ್ಟಿದ್ರೆ ಕಾಯಿಲೆ ಬಿದ್ದಾಗ ಭತ್ಯೆ ಸಿಗತ್ತೆ, ಆ ಲೆಕ್ಕನ ಸರ್ಕಾರ ಒಪ್ಪಿದ ಸಂಘಗಳು ನೋಡ್ಕೋಬೇಕು, ಯೂನಿಯನ್‌ಗಳೂ ಆ ಕೆಲಸ ಮಾಡಬಹುದಿತ್ತು. ಕಾಯಿಲೆ ಭತ್ಯೆ ಗಂಡಸಿಗೆ ವಾರಕ್ಕೆ 10 ಶಿಲ್ಲಿಂಗ್, ಹೆಂಗಸಿಗೆ 7 ಶಿಲ್ಲಿಂಗ್ 6 ಪೆನ್ಸ್. ಕಾರ್ನಿ ಈ ಇನ್ಶೂರೆನ್ಸ್ ವಿಭಾಗ ನೋಡ್ಕೊಂಡ್ರು. ಕೆಮ್ಮುತ್ತಾ ಬರೋ ಹುಡುಗಿ, ಅವಳ ಕಾರ್ಡು, ಎಷ್ಟು ವಾರ ಕಟ್ಟಿದಾಳೆ, ಡಾಕ್ಟ್ರ ಚೀಟಿ ಎಲ್ಲಿ, ಮಧ್ಯ ಕೆಲಸ ಇಲ್ದೆ ಮನೇಲಿ ಕೂತ ವಾರಗಳ ಕಥೆ ಏನು. ಇದು ಬೇಜಾರಿನ ಗುಮಾಸ್ತೆ ಕೆಲಸ ಅಂತ ಅನ್ಸಬಹುದು, ಆದ್ರೆ ಯೂನಿಯನ್ ನಿಲ್ಲೋದೇ ಇದ್ರ ಮೇಲೆ. ಭಾಷಣ ಕೇಳಿ ಬಂದವ್ರು ಮುಂದಿನ ವಾರ ಬರಲ್ಲ, ಹುಷಾರಿಲ್ದಾಗ ಬರಬೇಕಾದ ದುಡ್ಡು ಕೊಡಿಸಿದ ಆಫೀಸಿಗೆ ತಂಗೀನೂ ಕರ್ಕೊಂಡು ಬರ್ತಾರೆ. ಸ್ಕೀಮ್ ದುಡ್ಡು ಕೊಡಿಸೋಕೆ ಯಾರ್ದಾದ್ರೂ ಪರವಾಗಿ ಆಫೀಸ್ ಆಫೀಸ್ ಅಲೆದವ್ರಿಗೆ ಈ ಮಾತು ನಾನು ಬಿಡಿಸಿ ಹೇಳ್ಬೇಕಿಲ್ಲ.

1913ರಲ್ಲಿ ಕಾನಲಿ, ಕಾರ್ನಿ, ಯೂನಿಯನ್‌ನ ಇನ್ನೊಬ್ಬ ಕಾರ್ಯಕರ್ತೆ ಎಲೆನ್ ಗಾರ್ಡನ್ ಸೇರಿ ಬೆಲ್‌ಫಾಸ್ಟ್‌ನ ಲಿನನ್ ಗುಲಾಮರಿಗೆ ಅಂತ ಒಂದು ಪ್ರಣಾಳಿಕೆ ಹೊರಡಿಸಿದ್ರು. ಈ ಊರಿನ ಎಷ್ಟೋ ಮಿಲ್ಲುಗಳು ಹೆಂಗಸರಿಗೆ ಕಸಾಯಿಖಾನೆ, ಮಕ್ಕಳಿಗೆ ಸೆರೆಮನೆ ಅಂತ ಅದರಲ್ಲಿ ನೇರವಾಗಿ ಬರೆದಿದ್ರು. ನಿಮ್ಮನ್ನ ಯಾರೂ ಕಾಪಾಡಕ್ಕೆ ಬರಲ್ಲ, ನೀವೇ ಸಂಘ ಕಟ್ಟಬೇಕು ಅನ್ನೋದು ಅದರ ಸಾರ.

ಹಾಗಾದ್ರೆ ಎಲ್ಲ ಹೆಂಗಸರೂ ಯಾಕೆ ಸೇರ್ಲಿಲ್ಲ? ಯೂನಿಯನ್ ದೊಡ್ಡದಾಗಲೇ ಇಲ್ಲ, ಸಾವಿರಾರು ಜನ ಕೆಲಸ ಮಾಡೋ ಊರಲ್ಲಿ ಕೆಲವು ನೂರು ಸದಸ್ಯರು ಅಷ್ಟೆ. ಕಾರಣ ಮಿಲ್ ಗೋಡೆ ಹೊರಗೇ ಇದೆ. ಆಗ ಇಡೀ ಐರ್ಲೆಂಡ್ ಬ್ರಿಟನ್ ಕೈಯಲ್ಲಿತ್ತು, ಕ್ಯಾಥೊಲಿಕ್ಕರಲ್ಲಿ ಹೆಚ್ಚಿನವ್ರಿಗೆ ಸ್ವಂತ ಆಡಳಿತ ಬೇಕಿತ್ತು, ಪ್ರಾಟೆಸ್ಟೆಂಟರಲ್ಲಿ ಹೆಚ್ಚಿನವ್ರಿಗೆ ಬ್ರಿಟನ್ ಜೊತೆಗೇ ಇರ್ಬೇಕಿತ್ತು. 1912ರ ಜುಲೈನಲ್ಲಿ ಬೆಲ್‌ಫಾಸ್ಟ್ ಹಡಗುಕಟ್ಟೆಗಳಿಂದ ಸುಮಾರು ಮೂರು ಸಾವಿರ ಜನನ ಹೊಡೆದು ಓಡಿಸಿದ್ರು, ಹೆಚ್ಚಿನವ್ರು ಕ್ಯಾಥೊಲಿಕ್ಕರು, ಜೊತೆಗೆ ಎಡಪಂಥದ ಪ್ರಾಟೆಸ್ಟೆಂಟ್ ಕೆಲಸಗಾರರೂ ಇದ್ರು. ಅದೇ ವರ್ಷ ಸೆಪ್ಟೆಂಬರ್ 28ಕ್ಕೆ ಐರ್ಲೆಂಡಿಗೆ ಸ್ವಂತ ಆಡಳಿತ ಬೇಡ ಅಂತ ಅಲ್‌ಸ್ಟರ್ (ಐರ್ಲೆಂಡಿನ ಉತ್ತರ ಭಾಗ) ಪ್ರತಿಜ್ಞೆಗೆ ಸಹಿ ಆಯ್ತು, ಸುಮಾರು 2,37,000 ಗಂಡಸರು ಸಹಿ ಹಾಕಿದ್ರು, ಹೆಂಗಸರಿಗೆ ಆ ಕಾಗದಕ್ಕೆ ಸಹಿ ಹಾಕೋ ಅವಕಾಶ ಇರ್ಲಿಲ್ಲ, ಅವ್ರಿಗೇ ಅಂತ ಬೇರೆ ಘೋಷಣೆ, ಅದಕ್ಕೆ ಸುಮಾರು 2,34,000 ಜನ. ಅಂದ್ರೆ ಒಂದೇ ಸಾಲಲ್ಲಿ ನಿಂತು ಅದೇ ಬಿಸಿನೀರಿನಲ್ಲಿ ನೆನೆಯೋ ಇಬ್ರು ಹುಡುಗೀರು ಸಂಜೆ ಬೇರೆ ಬೇರೆ ಬೀದಿಗೆ ಹೋಗಿ ಬೇರೆ ಬೇರೆ ದೇಶದ ಕನಸು ಕಾಣ್ತಿದ್ರು. ಕಾನಲಿ ಕಾರ್ನಿ ಇಬ್ರೂ ಐರಿಶ್ ಸ್ವಾತಂತ್ರ್ಯದ ಪರ, ಅದು ಗೊತ್ತಿದ್ದ ಪ್ರಾಟೆಸ್ಟೆಂಟ್ ಹುಡುಗೀರು ಅವ್ರ ಯೂನಿಯನ್ ಕಡೆ ಬರೋಕೆ ಹಿಂಜರಿದ್ರು. ಇದು ಕಾರ್ನಿ ಅವ್ರ ಕೆಲಸದ ಒಳಗೇ ಇದ್ದ ಬಿಕ್ಕಟ್ಟು, ಇದನ್ನ ಮುಚ್ಚಿಟ್ಟು ಬರೀಬಾರ್ದು. ತಾವು ನಂಬಿದ ಎರಡು ವಿಷ್ಯ, ದೇಶದ ಬಿಡುಗಡೆ ಮತ್ತು ಕೆಲಸಗಾರರ ಒಗ್ಗಟ್ಟು, ಬೆಲ್‌ಫಾಸ್ಟಲ್ಲಿ ಒಂದಕ್ಕೊಂದು ಅಡ್ಡ ಬರ್ತಿತ್ತು.

1916ರ ಕಥೆ ಬೇಗ ಹೇಳ್ತೀನಿ, ಬೇರೆಯವ್ರು ಸಾಕಷ್ಟು ಹೇಳಿದ್ದಾರೆ. ಏಪ್ರಿಲ್ 14ಕ್ಕೆ ಕಾನಲಿಯಿಂದ ತಂತಿ ಬಂತು, ಕಾರ್ನಿ ಡಬ್ಲಿನ್‌ಗೆ ಹೋದ್ರು, 24ಕ್ಕೆ ಪೋಸ್ಟ್ ಆಫೀಸು. ಅವ್ರಿಗೆ ಕಾನಲಿ ನಡೆಸ್ತಿದ್ದ ಕಾರ್ಮಿಕರ ಪಡೆ ಐರಿಶ್ ಸಿಟಿಜನ್ ಆರ್ಮಿಯಲ್ಲಿ ಅಡ್ಜುಟಂಟ್ ಹುದ್ದೆ ಇತ್ತು, ಕಾನಲಿ ಹೇಳಿದ ಆದೇಶಗಳನ್ನ ಗುಂಡಿನ ಸದ್ದಿನ ಮಧ್ಯೆ ಟೈಪ್ ಮಾಡ್ತಿದ್ರು. ಗುರುವಾರ ಕಾನಲಿ ಕಾಲಿಗೆ ಗುಂಡು ಬಿತ್ತು. ಶುಕ್ರವಾರ ಕಟ್ಟಡಕ್ಕೆ ಬೆಂಕಿ ಹತ್ತಿದಾಗ ಹೆಂಗಸರೆಲ್ಲ ಹೊರಡಿ ಅಂದ್ರು, ಕಾರ್ನಿ ಹೋಗಲ್ಲ ಅಂದ್ರು, ಜೂಲಿಯಾ ಗ್ರೆನನ್, ಎಲಿಜಬೆತ್ ಓ'ಫಾರೆಲ್ ಜೊತೆ ಕೊನೇವರೆಗೂ ಉಳಿದ್ರು. ಶನಿವಾರ ಮೂರ್ ಸ್ಟ್ರೀಟಿಂದ ಬಿಳಿ ಬಾವುಟ ಹಿಡಿದು ಗುಂಡಿನ ಎದುರಿಗೆ ನಡೆದು ಹೋಗಿದ್ದು ಓ'ಫಾರೆಲ್. ಶರಣಾಗತಿಯ ಪ್ರಸಿದ್ಧ ಫೋಟೋದಲ್ಲಿ ಬಂಡಾಯದ ನಾಯಕ ಪಿಯರ್ಸ್ ಪಕ್ಕ ಓ'ಫಾರೆಲ್ ನಿಂತಿದ್ದಾರೆ, ಆದ್ರೆ ಕಾಣೋದು ಪಾದ ಮಾತ್ರ, ಆಮೇಲೆ ಅಚ್ಚಾದ ಕೆಲವು ಪ್ರತಿಗಳಲ್ಲಿ ಆ ಪಾದನೂ ಅಳಿಸಿದ್ರು. ನಾನು ಈ ಫೋಟೋ ಮೊದ್ಲ ಸಲ ನೋಡಿದಾಗ ಪಿಯರ್ಸ್ ಕೋಟಿನ ಹತ್ರ ಕೆಳಗೆ ಆ ಎರಡು ಶೂ ಹುಡುಕೋಕೆ ಜೂಮ್ ಮಾಡ್ಬೇಕಾಯ್ತು. ಕಾನಲಿಯನ್ನ ಮೇ 12ಕ್ಕೆ ಗುಂಡಿಟ್ಟು ಕೊಂದ್ರು. ಕಾರ್ನಿ ಕಿಲ್ಮೇನ್‌ಹ್ಯಾಮ್, ಮೌಂಟ್‌ಜಾಯ್, ಆಮೇಲೆ ಇಂಗ್ಲೆಂಡಿನ ಏಲ್ಸ್‌ಬರಿ ಜೈಲು, ಬಿಡುಗಡೆ ಆಗಿದ್ದು ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ.

ಎರಡು ವರ್ಷ ಆದ್ಮೇಲೆ 1918ರ ಚುನಾವಣೆ. ಐರಿಶ್ ಸ್ವಾತಂತ್ರ್ಯದ ಪರ ಇದ್ದ ಸಿನ್ ಫೇನ್ ಪಕ್ಷ ಇಡೀ ದೇಶದಲ್ಲಿ ಹೆಂಗಸರಿಗೆ ಕೊಟ್ಟಿದ್ದು ಎರಡೇ ಟಿಕೆಟ್, ಒಂದು ಡಬ್ಲಿನ್‌ನಲ್ಲಿ ಕಾನ್‌ಸ್ಟನ್ಸ್ ಮಾರ್ಕಿಯೆವಿಚ್‌ಗೆ, ಅವ್ರು ಗೆದ್ದು ಬ್ರಿಟನ್ ಪಾರ್ಲಿಮೆಂಟಿಗೆ ಆಯ್ಕೆಯಾದ ಮೊದಲ ಮಹಿಳೆ ಆದ್ರು. ಇನ್ನೊಂದು ಕಾರ್ನಿಗೆ, ಬೆಲ್‌ಫಾಸ್ಟ್‌ನ ವಿಕ್ಟೋರಿಯಾ ಕ್ಷೇತ್ರ, ಪಕ್ಷಕ್ಕೆ ಅಲ್ಲಿ ಏನೂ ಬಲ ಇಲ್ಲದ ಜಾಗ. ಕಾರ್ನಿ ಕೆಲಸಗಾರರ ಗಣರಾಜ್ಯ ಬೇಕು ಅಂತ ಪ್ರಚಾರ ಮಾಡಿದ್ರು, ಸಿಕ್ಕಿದ್ದು ನೂರಕ್ಕೆ ಸುಮಾರು ನಾಲ್ಕು ಓಟು. ಆಫೀಸಿಲ್ಲ, ಮನೆಮನೆಗೆ ಹೋಗೋ ಜನ ಇಲ್ಲ, ಪಕ್ಷ ಕೈ ಕೊಡ್ತು ಅನ್ನೋ ನೋವು ಅವ್ರಿಗಿತ್ತು. ಗೆದ್ದಿದ್ದು ಯೂನಿಯನಿಸ್ಟ್ ಕಡೆಯ ಕಾರ್ಮಿಕ ಅಭ್ಯರ್ಥಿ. ಇಲ್ಲಿ ಒಂದು ಮಾತು, ನಮ್ಮಲ್ಲಿ ಯೂನಿಯನ್ ಅಂದ್ರೆ ಕಾರ್ಮಿಕ ಸಂಘ, ಉತ್ತರ ಐರ್ಲೆಂಡಲ್ಲಿ ಯೂನಿಯನಿಸ್ಟ್ ಅಂದ್ರೆ ಬ್ರಿಟನ್ ಜೊತೆ ಒಂದಾಗಿ ಇರಬೇಕು ಅನ್ನೋವ್ರು, ಎರಡನ್ನ ಕಲಸ್ಕೋಬೇಡಿ.

ಆ ಸೋಲಿನ ಹಿಂದೆ ಇನ್ನೊಂದು ಲೆಕ್ಕ ಇದೆ, ಅದನ್ನ ಯಾರೂ ಒತ್ತಿ ಹೇಳಲ್ಲ. 1918ರಲ್ಲಿ ಹೆಂಗಸರಿಗೆ ಮೊದ್ಲ ಸಲ ಓಟು ಸಿಕ್ತು ನಿಜ, ಆದ್ರೆ ಮೂವತ್ತು ವರ್ಷ ಆಗಿರ್ಬೇಕು, ಮನೆ ಆಸ್ತಿ ಷರತ್ತು ಬೇರೆ. ಕಾರ್ನಿ ಆರು ವರ್ಷ ಯಾರ ಮಧ್ಯೆ ಕೆಲಸ ಮಾಡಿದ್ರೋ ಆ ಡಾಫರ್‌ಗಳು, ಆ ನೂಲೋ ಹುಡುಗೀರು, ಹದಿನಾರು ಹದಿನೆಂಟು ಇಪ್ಪತ್ತೆರಡರವರು, ಅವ್ರಲ್ಲಿ ಒಬ್ಬಳಿಗೂ ಓಟಿಲ್ಲ. ಅವ್ರ ಮೇಲೆ ಹಾಕಿದ್ದ ದಂಡ ಎಲ್ಲ ಲೆಕ್ಕಕ್ಕಿದೆ, ಅವ್ರ ಮಾತು ಮಾತ್ರ ಲೆಕ್ಕಕ್ಕಿಲ್ಲ. ಓಟಿಲ್ಲದವ್ರಿಗೆ ಯೂನಿಯನ್ ಒಂದೇ ಬಾಯಿ ಅಂತ ಆಕೆ ವಾಪಸ್ ಆ ಕೆಲಸಕ್ಕೇ ಹೋದ್ರು, ಐರಿಶ್ ಟ್ರಾನ್ಸ್‌ಪೋರ್ಟ್ ಅಂಡ್ ಜನರಲ್ ವರ್ಕರ್ಸ್ ಯೂನಿಯನ್‌ನ ಬೆಲ್‌ಫಾಸ್ಟ್ ಆಫೀಸಲ್ಲಿ ಇನ್ನೂ ಹತ್ತು ವರ್ಷ.

ದೇಶ ಇಬ್ಭಾಗ ಆಯ್ತು, ದಕ್ಷಿಣಕ್ಕೆ ಡಬ್ಲಿನ್‌ನಲ್ಲಿ ಬೇರೆ ಆಡಳಿತ, ಬೆಲ್‌ಫಾಸ್ಟ್ ಇರೋ ಉತ್ತರ ಬ್ರಿಟನ್ ಜೊತೆಗೇ ಉಳೀತು. 1921ರಲ್ಲಿ ಬ್ರಿಟನ್ ಜೊತೆ ಆದ ಒಪ್ಪಂದನ ಕಾರ್ನಿ ಒಪ್ಪಲಿಲ್ಲ, ಬೆಲ್‌ಫಾಸ್ಟ್‌ನ ಹೊಸ ಸರ್ಕಾರಕ್ಕೆ ಇವ್ರು ದೇಶದ್ರೋಹಿ, 1922ರಲ್ಲಿ ಮನೆ ಶೋಧ ಮಾಡಿ ಅರೆಸ್ಟ್ ಮಾಡಿ ಆರ್ಮಾ ಜೈಲಲ್ಲಿ ಇಟ್ರು. 1924ರಲ್ಲಿ ನಾರ್ದರ್ನ್ ಐರ್ಲೆಂಡ್ ಲೇಬರ್ ಪಾರ್ಟಿಗೆ ಸೇರಿದ್ರು, ಅಲ್ಲೇ ಜಾರ್ಜ್ ಮೆಕ್‌ಬ್ರೈಡ್ ಸಿಕ್ಕಿದ್ದು. ಜಾರ್ಜ್ ಪ್ರಾಟೆಸ್ಟೆಂಟ್, ಹುಡುಗನಾಗಿದ್ದಾಗ ಸ್ವಾತಂತ್ರ್ಯ ವಿರೋಧಿ ಅಲ್‌ಸ್ಟರ್ ವಾಲಂಟಿಯರ್ ಫೋರ್ಸ್‌ನಲ್ಲಿ ಇದ್ದವ್ರು, 1916ರಲ್ಲಿ ಕಾರ್ನಿ ಬ್ರಿಟಿಷ್ ಸೈನ್ಯದ ಎದುರು ಇದ್ರೆ ಜಾರ್ಜ್ ಅದೇ ಬ್ರಿಟಿಷ್ ಸೈನ್ಯದ ಯೂನಿಫಾರ್ಮ್ ಹಾಕ್ಕೊಂಡು ಫ್ರಾನ್ಸಿನ ಸೋಮ್ ಯುದ್ಧಕ್ಕೆ ಹೋಗಿದ್ರು. ಯುದ್ಧದಿಂದ ಬಂದು ಸಮಾಜವಾದಿ ಆದ್ರು, ಕೆಲಸ ಜವಳಿ ಮಿಲ್ ಇಂಜಿನಿಯರಿಂಗ್. ಕಾರ್ನಿಗಿಂತ ಹತ್ತು ವರ್ಷ ಚಿಕ್ಕವ್ರು. ಎರಡೂ ಕಡೆ ಮನೆಯವ್ರಿಗೆ ಇಷ್ಟ ಇಲ್ಲ, 1928ರಲ್ಲಿ ಸಮುದ್ರ ದಾಟಿ ವೇಲ್ಸ್‌ನ ಹೋಲಿಹೆಡ್‌ಗೆ ಹೋಗಿ ಮದುವೆ ಮಾಡ್ಕೊಂಡ್ರು. ಆ ಊರಿನ ರಾಜಕೀಯ ಇಬ್ಭಾಗ ಮಾಡಿದ್ದನ್ನ ಒಂದು ಯೂನಿಯನ್ ಆಫೀಸು, ಒಂದು ಲೇಬರ್ ಪಾರ್ಟಿ ಮೀಟಿಂಗು ಒಟ್ಟು ಮಾಡಿತ್ತು.

1943ರ ನವೆಂಬರ್ 21ಕ್ಕೆ ಕಾರ್ನಿ ತೀರ್ಕೊಂಡ್ರು. ಕ್ಯಾಥೊಲಿಕ್ಕರ ಮಿಲ್‌ಟೌನ್ ಸ್ಮಶಾನದಲ್ಲಿ ಮಣ್ಣು ಮಾಡಿದ್ರು, ಗುರುತಿಗೆ ಕಲ್ಲಿಲ್ಲ. ಪ್ರಾಟೆಸ್ಟೆಂಟ್ ಗಂಡನ ಹೆಸರು ಕಲ್ಲಿನ ಮೇಲೆ ಬರೋಕೆ ಒಪ್ಪಲಿಲ್ಲ, ಅದಕ್ಕೇ ಕಲ್ಲು ಹಾಕಿಸಲಿಲ್ಲ ಅಂತ ಹೇಳ್ತಾರೆ. 1985ರಲ್ಲಿ ನ್ಯಾಷನಲ್ ಗ್ರೇವ್ಸ್ ಅಸೋಸಿಯೇಷನ್ ಕಲ್ಲು ನಿಲ್ಲಿಸ್ತು, ಜಾರ್ಜ್ ಆಗಲೂ ಬದುಕಿದ್ರು, ನಲವತ್ತೆರಡು ವರ್ಷ ಹೆಂಡತಿ ಎಲ್ಲಿ ಮಲಗಿದಾಳೆ ಅಂತ ತಾವೊಬ್ರೇ ನೆನಪಿಟ್ಕೊಂಡು ಹೋಗಿ ನಿಂತು ಬರ್ಬೇಕಾಗಿತ್ತು ಅನ್ನೋದು ಯೋಚನೆ ಮಾಡಿದ್ರೆ ಹೊಟ್ಟೆ ಹಿಂಡತ್ತೆ. ಅವ್ರು ಹೋಗಿದ್ದು 1988ರಲ್ಲಿ.

ಈಗ ಪ್ರತಿಮೆ ಬಂತು. ಸಂತೋಷನೇ. ಆದ್ರೆ ಪ್ರತಿಮೆ ಬಂದ ಹೊತ್ತು ಗಮನಿಸಿ. ಅದಕ್ಕೆ ಏಳು ವಾರ ಮುಂಚೆ, 2024ರ ಜನವರಿ 18ಕ್ಕೆ, ಉತ್ತರ ಐರ್ಲೆಂಡಲ್ಲಿ ಎಷ್ಟೋ ದಶಕಗಳಲ್ಲಿ ಕಾಣದಷ್ಟು ದೊಡ್ಡ ಸ್ಟ್ರೈಕ್ ಆಯ್ತು. 16 ಯೂನಿಯನ್‌ಗಳು, ಒಂದು ಲಕ್ಷಕ್ಕೂ ಹೆಚ್ಚು ಜನ, ನರ್ಸ್‌ಗಳು, ಟೀಚರ್‌ಗಳು, ಬಸ್ ಡ್ರೈವರ್‌ಗಳು, ಶಾಲೆಯಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಸಹಾಯಕಿಯರು. 2022ರ ಫೆಬ್ರವರಿಯಿಂದ ಅಲ್ಲಿ ಸರ್ಕಾರವೇ ಇರ್ಲಿಲ್ಲ, ಬ್ರೆಕ್ಸಿಟ್ ಜಗಳದಲ್ಲಿ ಯೂನಿಯನಿಸ್ಟ್ ಪಕ್ಷ ಹೊರಗೆ ಹೋಗಿತ್ತು, ಸಂಬಳ ಏರಿಸೋ ಸಹಿ ಹಾಕೋಕೆ ಮಂತ್ರಿ ಇಲ್ಲ. ಚಳಿಯಲ್ಲಿ ಪಿಕೆಟ್ ಲೈನಲ್ಲಿ ಕ್ಯಾಥೊಲಿಕ್ ಬೀದಿಯವ್ರೂ ಪ್ರಾಟೆಸ್ಟೆಂಟ್ ಬೀದಿಯವ್ರೂ ಒಟ್ಟಿಗೆ ನಿಂತಿದ್ರು. ಕಾರ್ನಿ 1913ರಲ್ಲಿ ಮಿಲ್ ಗೇಟಲ್ಲಿ ಹುಡುಕಿದ್ದು ಈ ದೃಶ್ಯನೇ. ಫೆಬ್ರವರಿ 3ಕ್ಕೆ ಸರ್ಕಾರ ವಾಪಸ್ ಬಂತು.

ಆ ಸರ್ಕಾರ ಬಂದ್ಮೇಲೆ, 2024ರ ಜುಲೈನಲ್ಲಿ, ಅಲ್ಲಿನ ಎಕಾನಮಿ ಇಲಾಖೆ ಗುಡ್ ಜಾಬ್ಸ್ ಬಿಲ್ ಅಂತ ಒಂದು ಪ್ರಸ್ತಾಪ ಜನರ ಮುಂದೆ ಇಡ್ತು. ಇದು ಅರ್ಥ ಆಗ್ಬೇಕು ಅಂದ್ರೆ ಈಗಿನ ಕಾನೂನು ಗೊತ್ತಿರ್ಬೇಕು. ಐರ್ಲೆಂಡಲ್ಲಿ ಎರಡು ಆಡಳಿತ, ಎರಡು ಕಾನೂನು. ದಕ್ಷಿಣದ ಗಣರಾಜ್ಯದಲ್ಲಿ, ಕಾರ್ನಿ ಮತ್ತು ಕಾನಲಿ ಯಾವ ದೇಶಕ್ಕಾಗಿ ಬಂದೂಕು ಹಿಡಿದ್ರೋ ಅಲ್ಲಿ, ಸಂಘ ಕಟ್ಟೋ ಹಕ್ಕು ಸಂವಿಧಾನದಲ್ಲೇ ಬರೆದಿದೆ, ಆದ್ರೆ ಕೋರ್ಟುಗಳು ಅದನ್ನ ಓದಿರೋ ರೀತಿ ಏನು ಅಂದ್ರೆ, ನೀವು ಸಂಘ ಕಟ್ಟಬಹುದು, ಆ ಸಂಘದ ಜೊತೆ ಮಾಲೀಕ ಮಾತಾಡ್ಲೇಬೇಕು ಅಂತ ಇಲ್ಲ. ಮಾಲೀಕ ಮಾತಾಡ್ದೇ ಇದ್ರೆ ಲೇಬರ್ ಕೋರ್ಟಿಗೆ ಹೋಗೋ ಸುತ್ತುದಾರಿ ಒಂದಿದೆ, 2015ರಲ್ಲಿ ಅದನ್ನ ಸ್ವಲ್ಪ ರಿಪೇರಿ ಮಾಡಿದ್ರು, ಆದ್ರೆ ಮೇಜಿಗೆ ಕರೆಯೋ ಹಕ್ಕು ಅದಲ್ಲ. ಯುರೋಪಿಯನ್ ಯೂನಿಯನ್ 2022ರಲ್ಲಿ ತಂದ ಕನಿಷ್ಠ ವೇತನದ ನಿರ್ದೇಶನ ಈ ಗಾಯಕ್ಕೆ ಬೆರಳಿಟ್ಟಿದೆ, ನೂರಕ್ಕೆ 80 ಜನ ಕೆಲಸಗಾರರ ಸಂಬಳ ಸಾಮೂಹಿಕ ಮಾತುಕತೆಯಿಂದ ನಿರ್ಧಾರ ಆಗ್ತಿಲ್ಲ ಅಂದ್ರೆ ಆ ದೇಶ ಒಂದು ಯೋಜನೆ ಮಾಡ್ಬೇಕು ಅಂತ, ಐರ್ಲೆಂಡ್ ಆ 80ರಿಂದ ತುಂಬ ದೂರದಲ್ಲಿದೆ.

ಉತ್ತರದಲ್ಲಿ ಬೇರೆ ಥರ. ಕಾರ್ಮಿಕ ಕಾನೂನು ಮಾಡೋ ಅಧಿಕಾರ ಬೆಲ್‌ಫಾಸ್ಟ್‌ನ ಅಸೆಂಬ್ಲಿಗೇ ಇದೆ, ಲಂಡನ್ನಲ್ಲಿ ಪಾಸಾದ ಕಾನೂನು ತಾನಾಗೇ ಇಲ್ಲಿಗೆ ಬರಲ್ಲ. ಇಲ್ಲಿ ಸಾಕಷ್ಟು ಜನರ ಬೆಂಬಲ ತೋರ್ಸಿದ್ರೆ ಯೂನಿಯನ್ನನ್ನ ಒಪ್ಪಲೇಬೇಕು ಅಂತ ಕಾನೂನಿದೆ, ಇಂಡಸ್ಟ್ರಿಯಲ್ ಕೋರ್ಟ್ ಅದನ್ನ ನಿರ್ಧಾರ ಮಾಡತ್ತೆ. ಆದ್ರೆ ಅದು ಕನಿಷ್ಠ 21 ಜನ ಕೆಲಸ ಮಾಡೋ ಕಡೆಗೆ ಮಾತ್ರ. 2024ರ ಆ ಪ್ರಸ್ತಾಪ ಆ 21ನ್ನ 10ಕ್ಕೆ ಇಳಿಸೋದು. ಜೊತೆಗೆ ಝೀರೋ ಅವರ್ ಕಾಂಟ್ರ್ಯಾಕ್ಟ್ ಅನ್ನೋದನ್ನ ತೆಗೆದು ಗಂಟೆ ಗ್ಯಾರಂಟಿ ಇರೋ ಒಪ್ಪಂದ ತರೋದು, ಇದು ದಕ್ಷಿಣದಲ್ಲಿ 2019ರಿಂದ ಒಂದು ರೂಪದಲ್ಲಿ ಇದೆ. ಝೀರೋ ಅವರ್ ಅಂದ್ರೆ ನೀವು ನೌಕರ ಹೌದು, ಆದ್ರೆ ಈ ವಾರ ಎಷ್ಟು ಗಂಟೆ ಕೆಲಸ ಅಂತ ಗ್ಯಾರಂಟಿ ಇಲ್ಲ, ಫೋನ್ ಬಂದ್ರೆ ಹೋಗ್ಬೇಕು, ಬರ್ದಿದ್ರೆ ಮನೇಲಿರ್ಬೇಕು. ಹಾಡಿದ್ದಕ್ಕೆ ಬೋರ್ಡ್ ಹಾಕಿ ದಂಡ ಹಾಕೋ ಅವಶ್ಯಕತೆನೇ ಇಲ್ಲ ಈಗ, ಮುಂದಿನ ವಾರದ ಗಂಟೆ ಕಮ್ಮಿ ಮಾಡಿದ್ರೆ ಸಾಕು, ಯಾಕೆ ಅಂತ ಹೇಳೋದೂ ಬೇಕಿಲ್ಲ.

ಸಣ್ಣ ಉದ್ಯಮದವ್ರಿಗೆ ಇದು ಹೊರೆ ಆಗತ್ತೆ ಅನ್ನೋ ವಾದ ಇದೆ, ಹತ್ತು ಜನ ಇರೋ ಅಂಗಡಿಯಲ್ಲಿ ಮಾಲೀಕನೂ ಪಕ್ಕದಲ್ಲೇ ಕೆಲಸ ಮಾಡ್ತಿರ್ತಾನೆ, ಎದುರಾಬದುರಾ ಮಾತಾಡ್ಬಹುದು, ಯೂನಿಯನ್ ಯಾಕೆ ಅಂತ. ಕೆಲವು ಕಡೆ ಅದು ನಿಜ ಇರಬಹುದು. ಆದ್ರೆ ಹೆಂಗಸರು ಹೆಚ್ಚಾಗಿ ಕೆಲಸ ಮಾಡೋ ಜಾಗ ಯಾವ್ದು ನೋಡಿ, ಮಕ್ಕಳ ಡೇ ಕೇರ್, ವಯಸ್ಸಾದವ್ರ ಕೇರ್ ಹೋಮ್, ಸಲೂನ್, ಕೆಫೆ, ಕ್ಲೀನಿಂಗ್ ಕಾಂಟ್ರ್ಯಾಕ್ಟು. ಇವೆಲ್ಲ ಚಿಕ್ಕ ಜಾಗಗಳು. ಸಾವಿರ ಜನ ಒಟ್ಟಿಗೆ ಬರಿಗಾಲಲ್ಲಿ ನಿಲ್ತಿದ್ದ ಮಿಲ್ಲು ಈಗಿಲ್ಲ, ಆ ಹೆಂಗಸರು ಹತ್ತು ಹದಿನೈದು ಜನರ ಗುಂಪುಗಳಾಗಿ ಚದುರಿ ಹೋಗಿದ್ದಾರೆ, 21 ಅನ್ನೋ ಗೆರೆ ಸರಿಯಾಗಿ ಅವ್ರ ತಲೆ ಮೇಲೆ ಹಾದು ಹೋಗತ್ತೆ.

ಹದಿನಾಲ್ಕು ಜನ ಕೆಲಸ ಮಾಡೋ ಒಂದು ಕೇರ್ ಹೋಮ್ ಇದೆ ಅಂತ ಇಟ್ಕೊಳ್ಳಿ, ಯಾರ್ದೋ ಅಜ್ಜಿಗೆ ಸ್ನಾನ ಮಾಡ್ಸಿ, ಬಟ್ಟೆ ಹಾಕ್ಸಿ, ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಬಾತ್‌ರೂಮಿಗೆ ಕರ್ಕೊಂಡು ಹೋಗೋ ಹದಿನಾಲ್ಕು ಹೆಂಗಸರು. ಹದಿನಾಲ್ಕೂ ಜನ ಯೂನಿಯನ್ ಕಾರ್ಡ್ ತಗೊಂಡು ನೈಟ್ ಶಿಫ್ಟಿಗೆ ಇನ್ನೊಬ್ರು ಬೇಕು ಅಂತ ಒಟ್ಟಿಗೆ ಹೋಗಿ ಕೇಳಿದ್ರೂ, ಮಾಲೀಕರು ನಾನು ಯೂನಿಯನ್ ಜೊತೆ ಮಾತಾಡಲ್ಲ ಅಂದ್ಬಿಟ್ರೆ ಈಗಿನ ಕಾನೂನಲ್ಲಿ ಅಲ್ಲಿಗೆ ಮುಗೀತು. ಆ 21 ಹೋಗಿ 10 ಬಂದ ದಿನ ಅವ್ರು ಇಂಡಸ್ಟ್ರಿಯಲ್ ಕೋರ್ಟಿಗೆ ಒಂದು ಅರ್ಜಿ ಹಾಕಬಹುದು. ಆ ಅರ್ಜಿ ಟೈಪ್ ಮಾಡೋಕೆ, ಕಾರ್ಡುಗಳನ್ನ ಎಣಿಸೋಕೆ, ಹುಷಾರಿಲ್ಲದೆ ರಜದಲ್ಲಿರೋವ್ಳ ಸಹಿ ಮನೆಗೆ ಹೋಗಿ ತರೋಕೆ ಯೂನಿಯನ್ ಆಫೀಸಲ್ಲಿ ಒಬ್ರು ಕೂತಿರ್ಬೇಕಾಗತ್ತೆ.